ಗೇಮಿನ ಮೇಲೆ ಹೊರಿಸಿದ್ದು, ಮನೆಯಲ್ಲಿ ಉಳಿದದ್ದು

(ರಬಕವಿ-ಬನಹಟ್ಟಿಯ ಪ್ರೌಢಶಾಲೆಯೊಂದರ ಪಾಲಕರ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದ್ದೇನೆ.)

ವೇದಿಕೆಯ ಹಿರಿಯರಿಗೆ, ಮಗ್ಗ ನಿಲ್ಲಿಸಿ ಇಲ್ಲಿಗೆ ಬಂದ ಪಾಲಕರಿಗೆ, ಅದರಲ್ಲೂ ಇವತ್ತಿನ ಮಜೂರಿ ಬಿಟ್ಟು ಬಂದ ತಾಯಂದಿರಿಗೆ ಶರಣು ಶರಣಾರ್ಥಿಗಳು.

ಪಾಲಕರ ಸಭೆ ಯಾವುದೇ ಇರಲಿ, ಒಂದು ಮಾತು ಬಂದೇ ಬರುತ್ತದೆ. "ಹುಡುಗ ಮೊದಲ ಹಿಂಗ ಇರಲಿಲ್ರಿ ಸರ್. ಈ ಗೇಮ್ ಬಂದ ಮ್ಯಾಲ ಕೆಟ್ಟಾನ್ರಿ." ಕೆಟ್ಟಿದ್ದಾನೆ ಎಂದರೆ ಏನು ಮಾಡುತ್ತಾನೆ ಎಂದು ಕೇಳಿ ನೋಡಿ. ಒಬ್ಬರ ಮಗ ಎದುರು ಮಾತಾಡುತ್ತಾನೆ. ಇನ್ನೊಬ್ಬರ ಮಗ ಅವ್ವನ ಫೋನಿನಿಂದ ದುಡ್ಡು ಕಳಿಸಿದ್ದಾನೆ. ಒಬ್ಬ ಬೆಳಿಗ್ಗೆ ಏಳುವುದಿಲ್ಲ, ಒಬ್ಬನ ಮಾರ್ಕ್ಸ್ ಇಳಿದಿವೆ, ಒಬ್ಬ ತಮ್ಮನ ಮೇಲೆ ಕೈ ಮಾಡಿದ್ದಾನೆ. ತಪ್ಪುಗಳು ಇಷ್ಟು ಬಗೆ, ಆರೋಪಿ ಮಾತ್ರ ಒಬ್ಬನೇ. ಆ ಆರೋಪಿ ನಮ್ಮ ಮನೆಯವನಲ್ಲ, ನಮ್ಮ ಓಣಿಯವನಲ್ಲ, ಕರೆದು ಕೇಳಿದರೆ ಬರುವವನೂ ಅಲ್ಲ. ಅವನ ಮೇಲೆ ಹೊರಿಸಿದರೆ ಯಾರ ಮನಸ್ಸೂ ನೋಯುವುದಿಲ್ಲ.

ಇವತ್ತು ನಾನು ಈ ಆರೋಪಗಳನ್ನು ಒಂದೊಂದಾಗಿ ಬಿಡಿಸುತ್ತೇನೆ. ಕೆಲವು ಗೇಮಿನ ಮೇಲೆ ನಿಜಕ್ಕೂ ನಿಲ್ಲುತ್ತವೆ. ಕೆಲವು ನಿಲ್ಲುವುದಿಲ್ಲ. ನಿಲ್ಲದವು ತಿರುಗಿ ನಿಮ್ಮ ಮನೆಗೂ ನಮ್ಮ ಶಾಲೆಗೂ ಬರುತ್ತವೆ. ಆಗ ಯಾರೂ ಮುಖ ತಿರುಗಿಸಬಾರದು.

ಹೊಡೆದಾಟದಿಂದಲೇ ಸುರು ಮಾಡೋಣ, ಎಲ್ಲರಿಗೂ ಹೆಚ್ಚು ಹೆದರಿಕೆ ಅದರದ್ದೇ. 2019ರಲ್ಲಿ ನಮ್ಮ ಪಕ್ಕದ ಬೆಳಗಾವಿ ಜಿಲ್ಲೆಯಲ್ಲಿ ಮಗನೊಬ್ಬ ತಂದೆಯನ್ನು ಕೊಂದ ಸುದ್ದಿ ನಿಮಗೆ ನೆನಪಿರಬಹುದು. ದೇಶದ ಪತ್ರಿಕೆಗಳೆಲ್ಲ 'ಪಬ್‌ಜಿ' ಎಂಬ ಮೊಬೈಲ್ ಗೇಮಿನ ಹೆಸರನ್ನು ತಲೆಬರಹದಲ್ಲೇ ಹಾಕಿದವು. ಆ ಮನೆಯ ದುಃಖ ದೊಡ್ಡದು, ಅದರ ಬಗ್ಗೆ ಹಗುರವಾಗಿ ಮಾತಾಡುವ ಹಕ್ಕು ನನಗಿಲ್ಲ. ಆದರೆ ಒಂದು ಪ್ರಶ್ನೆ ಕೇಳಲೇಬೇಕು. ಅದೇ ದಿನ, ಅದೇ ಆಟವನ್ನು ದೇಶದಲ್ಲಿ ಲಕ್ಷಾಂತರ ಹುಡುಗರು ಆಡಿ, ಫೋನ್ ಇಟ್ಟು, ಊಟ ಮಾಡಿ ಮಲಗಿದರು. ಒಂದು ಮನೆಯಲ್ಲಿ ನಡೆದದ್ದು ಆ ಲಕ್ಷಾಂತರ ಮನೆಗಳಲ್ಲಿ ಏಕೆ ನಡೆಯಲಿಲ್ಲ? ಉತ್ತರ ಆಟದೊಳಗೆ ಸಿಗುವುದಿಲ್ಲ, ಆಟ ಎಲ್ಲರಿಗೂ ಒಂದೇ ಆಗಿತ್ತು. ಆ ಮನೆಯೊಳಗಿನ ಸಂಬಂಧ, ಆ ಮನಸ್ಸಿನ ಆರೋಗ್ಯ, ವರ್ಷಗಳಿಂದ ಬೆಳೆದು ಬಂದದ್ದು ಏನೇನು, ಇವನ್ನು ಕೇಳಬೇಕಿತ್ತು. ತಲೆಬರಹದಲ್ಲಿ ಗೇಮಿನ ಹೆಸರು ಬಂದ ಕೂಡಲೇ ಕೇಳುವುದು ನಿಂತುಹೋಯಿತು.

ಇದನ್ನು ಪರೀಕ್ಷೆ ಮಾಡಿ ನೋಡಿದವರೂ ಇದ್ದಾರೆ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆಂಡ್ರ್ಯೂ ಪ್ರಿಬಿಲ್‌ಸ್ಕಿ ಮತ್ತು ನೆಟ್ಟಾ ವೈನ್‌ಸ್ಟೈನ್ ಎಂಬ ಸಂಶೋಧಕರು ಬ್ರಿಟನ್ನಿನ 14-15 ವರ್ಷದ ಸುಮಾರು ಸಾವಿರ ಮಕ್ಕಳನ್ನು ನೋಡಿದರು. ಯಾವ ಆಟದಲ್ಲಿ ಎಷ್ಟು ಹಿಂಸೆ ಇದೆ ಎಂದು ಮಕ್ಕಳ ಬಾಯಿಂದ ಕೇಳಿ ಬರೆದುಕೊಳ್ಳಲಿಲ್ಲ, ಆಟಗಳಿಗೆ ಕೊಟ್ಟಿರುವ ಅಧಿಕೃತ ದರ್ಜೆಯನ್ನು ತೆಗೆದುಕೊಂಡರು. ಮಗು ಎಷ್ಟು ಸಿಟ್ಟು ಮಾಡುತ್ತದೆ, ಹೊಡೆಯುತ್ತದೆ ಎಂಬುದನ್ನು ಸಾಕುವವರಿಂದ ಕೇಳಿದರು. ಹಿಂಸೆಯ ಆಟ ಹೆಚ್ಚು ಆಡಿದ ಮಕ್ಕಳಲ್ಲಿ ಜಗಳಗಂಟತನ ಹೆಚ್ಚು ಎಂಬ ಸಂಬಂಧ ಕಾಣಲಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ 2020ರಲ್ಲಿ ತನ್ನ ನಿಲುವನ್ನು ಮತ್ತೆ ತಿದ್ದಿ ಬರೆಯಿತು. ಚೀರುವುದು, ನೂಕುವುದು, ಇಂಥ ಸಣ್ಣ ಪ್ರಮಾಣದ ಸಿಟ್ಟಿಗೂ ಹಿಂಸೆಯ ಆಟಕ್ಕೂ ಸಣ್ಣದೊಂದು ಸಂಬಂಧ ಇದೆ, ಆದರೆ ಕೊಲೆ-ಹಲ್ಲೆಯಂಥ ಹಿಂಸೆಗೆ ಆಟವೇ ಕಾರಣ ಎನ್ನಲು ಸಾಕಷ್ಟು ಆಧಾರವಿಲ್ಲ ಎಂದಿತು. ಸಣ್ಣ ಸಂಬಂಧ ಇದೆ ಎಂಬುದನ್ನೂ ನಾನು ಮುಚ್ಚಿಡುವುದಿಲ್ಲ. ಏಳು ವರ್ಷದ ಮಗುವಿನ ಕೈಗೆ ಗುಂಡು ಹೊಡೆಯುವ ಆಟ ಕೊಡಬೇಡಿ. ಆ ಆಟಗಳ ಮೇಲೆ ವಯಸ್ಸು ಬರೆದಿರುತ್ತದೆ, ಫೋನಿನ ಪ್ಲೇ ಸ್ಟೋರಿನಲ್ಲಿ ಹೆಸರಿನ ಕೆಳಗೇ ಕಾಣುತ್ತದೆ.

ಹೊಡೆಯುವುದನ್ನು ಮಗು ಎಲ್ಲಿ ಕಲಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಹಳೆಯ ಪ್ರಯೋಗ ಒಂದಿದೆ. 1961ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಆಲ್ಬರ್ಟ್ ಬಂಡೂರಾ ಮತ್ತು ಸಂಗಡಿಗರು ಶಿಶುವಿಹಾರದ 72 ಮಕ್ಕಳ ಮೇಲೆ ಮಾಡಿದ್ದು. ಕೆಲವು ಮಕ್ಕಳ ಎದುರಿಗೆ ದೊಡ್ಡವರೊಬ್ಬರು ಗಾಳಿ ತುಂಬಿದ ದೊಡ್ಡ ಗೊಂಬೆಯನ್ನು ಗುದ್ದಿದರು, ಸುತ್ತಿಗೆಯಿಂದ ಹೊಡೆದರು, ಬೈದರು. ಆಮೇಲೆ ಆ ಮಕ್ಕಳನ್ನು ಗೊಂಬೆಯ ಹತ್ತಿರ ಬಿಟ್ಟರೆ ಅವೂ ಹಾಗೇ ಗುದ್ದಿದವು, ಅದೇ ಮಾತಿನಲ್ಲಿ ಬೈದವು. ಟಿವಿ ಕೆಟ್ಟದ್ದು, ಗೇಮ್ ಕೆಟ್ಟದ್ದು ಎನ್ನುವವರು ಈ ಪ್ರಯೋಗದ ಹೆಸರನ್ನು ಮೇಲಿಂದ ಮೇಲೆ ಹೇಳುತ್ತಾರೆ. ಸಿನಿಮಾ ತೋರಿಸಿ ಇದೇ ಪ್ರಯೋಗ ಮಾಡಿದ್ದು 1963ರಲ್ಲಿ, ಅದರಲ್ಲೂ ಮಕ್ಕಳು ಅನುಕರಿಸಿದರು, ನಿಜ. ಮೊದಲ ಪ್ರಯೋಗದಲ್ಲಿ ಮಾತ್ರ ಯಾವ ಪರದೆಯೂ ಇರಲಿಲ್ಲ. ಮಗುವಿನ ಎದುರಿಗೆ ಇದ್ದದ್ದು ದೊಡ್ಡ ಮನುಷ್ಯ.

ಇದನ್ನು ಏಕೆ ಹೇಳುತ್ತಿದ್ದೇನೆ ಎಂದರೆ, ಮಗ ಗೆಳೆಯನಿಗೆ ಹೊಡೆದ ಎಂದು ನಾವು ತಂದೆಯನ್ನು ಕರೆಸುತ್ತೇವೆ. ತಂದೆ ಬರುತ್ತಾರೆ. ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರು ಮಗನ ಕಪಾಳಕ್ಕೆ ಬಿಗಿದು, "ಆ ಗೇಮ್ ಆಡಿ ಆಡಿ ಹೊಡ್ಯೂದ ಕಲ್ತಾನ್ರಿ" ಎನ್ನುತ್ತಾರೆ. ನಾನಿದನ್ನು ಕಣ್ಣಾರೆ ಕಂಡಿದ್ದೇನೆ, ಒಬ್ಬರಿಂದ ಅಲ್ಲ. ಆ ಹುಡುಗ ತಲೆ ತಗ್ಗಿಸಿ ನಿಂತಿರುತ್ತಾನೆ. ಅವನಿಗೆ ಆ ಹೊತ್ತಿನಲ್ಲಿ ಅರ್ಥವಾಗುವುದು ಒಂದೇ, ಯಾರ ಕೈ ದೊಡ್ಡದೋ ಅವರು ಹೊಡೆಯಬಹುದು. ಅಪ್ಪ ಅವ್ವನಿಗೆ ಹೊಡೆಯುವುದನ್ನು ನೋಡಿ ಬೆಳೆದ ಮಗುವಿಗೆ ಗೇಮ್ ಹೊಸದಾಗಿ ಏನನ್ನು ಕಲಿಸಬೇಕು? ಈ ಆರೋಪವನ್ನು ಗೇಮಿನ ಮೇಲಿಂದ ತೆಗೆಯಿರಿ ಎಂದು ನಾನು ಕೇಳುತ್ತೇನೆ.

ನಮ್ಮ ಸೀಮೆಗೆ ಇಂಥ ಆರೋಪ ಹೊಸದೇನಲ್ಲ. ಬಾದಾಮಿಯ ಬನಶಂಕರಿ ಜಾತ್ರೆಗೆ ನಾಟಕ ಕಂಪನಿಗಳು ಬಂದು ಡೇರೆ ಹೊಡೆದಾಗ, ರಾತ್ರಿಯೆಲ್ಲಾ ನಾಟಕ ನೋಡಿ ಹುಡುಗರು ಹಾಳಾದರು ಎಂದು ಹಿರಿಯರು ಬೈದರು. ಟಾಕೀಜು ಬಂತು, ಅದನ್ನು ಬೈದರು. ದೂರದರ್ಶನದಲ್ಲಿ ಭಾನುವಾರದ ಧಾರಾವಾಹಿ ನೋಡಿ ಬೆಳೆದ ಹುಡುಗರು ಇಂದು ಇಲ್ಲಿ ತಂದೆಯರಾಗಿ ಕೂತಿದ್ದೀರಿ. ಅಮೆರಿಕದಲ್ಲಿ 1954ರಲ್ಲಿ ಸೆನೆಟ್ ಸಮಿತಿ ಕೂತು ಚಿತ್ರಕಥೆಯ ಪುಸ್ತಕಗಳು ಮಕ್ಕಳನ್ನು ಅಪರಾಧಿಗಳನ್ನಾಗಿ ಮಾಡುತ್ತವೆಯೇ ಎಂದು ವಿಚಾರಣೆ ಮಾಡಿತ್ತು. 2017ರಲ್ಲಿ, ಮಕ್ಕಳನ್ನು ಆತ್ಮಹತ್ಯೆಗೆ ದೂಡುತ್ತದೆ ಎಂದು ಸುದ್ದಿಯಾದ 'ಬ್ಲೂ ವೇಲ್' ಎಂಬ ಆಟದ ಹೆಸರು ಕೇಳಿ ನಾವೆಲ್ಲ ನಡುಗಿದೆವು, ಹಲವು ಶಾಲೆಗಳಲ್ಲಿ ಗಾಯದ ಗುರುತು ಇದೆಯೇ ಎಂದು ಮಕ್ಕಳ ಮುಂಗೈ ನೋಡಿದರು. ವಿಚಾರಣೆ ಆದ ಮೇಲೆ, ಆ ಸಾವುಗಳಲ್ಲಿ ಯಾವುದಕ್ಕೂ ಆ ಆಟವೇ ಕಾರಣ ಎಂದು ಸಾಬೀತಾಗಿಲ್ಲ ಎಂದು ಕೇಂದ್ರ ಸರ್ಕಾರ ಹೇಳಿತು. ಆ ಮಕ್ಕಳು ಸತ್ತದ್ದು ಸುಳ್ಳಲ್ಲ. ಅವರು ಯಾವ ನೋವಿನಲ್ಲಿದ್ದರು ಎಂಬ ಪ್ರಶ್ನೆಯನ್ನು ಒಂದು ಆಟದ ಹೆಸರು ಮುಚ್ಚಿಹಾಕಿತು.

ಇನ್ನು ಗೇಮಿನ ಮೇಲೆ ನಿಜಕ್ಕೂ ನಿಲ್ಲುವ ಆರೋಪಕ್ಕೆ ಬರುತ್ತೇನೆ. ನಿದ್ದೆ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡದು, ಮತ್ತು ಇದರ ಬಗ್ಗೆಯೇ ನಾವು ಎಲ್ಲಕ್ಕಿಂತ ಕಡಿಮೆ ಮಾತಾಡುತ್ತೇವೆ.

ತಂದೆಯೊಬ್ಬರು ಮಗನನ್ನು ಕರೆದುಕೊಂಡು ಬಂದರು. ಎದುರು ಮಾತಾಡುತ್ತಾನೆ, ಮುಂಜಾನೆ ಮುಟ್ಟಿದರೆ ಸಿಡಿಯುತ್ತಾನೆ, ಗೇಮ್ ಬಿಡಿಸಿ ಎಂದರು. ಯಾವ ಗೇಮ್ ಎಂದೆ. "ಅದರೀ, ಗುಂಡ ಹೊಡ್ಯೂದು." ಹೆಸರು ಗೊತ್ತಿಲ್ಲ. ರಾತ್ರಿ ಎಷ್ಟಕ್ಕೆ ಮಲಗುತ್ತಾನೆ ಎಂದೆ. "ನಾವು ಮಲಗಿದ ಮ್ಯಾಲ ಅವನೂ ಮಲಗ್ತಾನ್ರಿ." ಹುಡುಗನನ್ನು ಬೇರೆ ಕೂರಿಸಿ ಕೇಳಿದೆ. ಮನೆಯಲ್ಲೇ ಪಾವರ್‌ಲೂಮು. ರಾತ್ರಿ ಮಗ್ಗ ನಿಲ್ಲುವವರೆಗೆ ಆ ಸದ್ದಿನಲ್ಲಿ ಓದಲು ಆಗುವುದಿಲ್ಲ, ಮಾತೂ ಕೇಳುವುದಿಲ್ಲ, ಹಾಗಾಗಿ ಕಿವಿಗೆ ಇಯರ್‌ಫೋನ್. ಮಗ್ಗ ನಿಂತ ಮೇಲೆ ದಣಿದ ದೊಡ್ಡವರಿಗೆ ಕೂಡಲೇ ನಿದ್ದೆ ಹತ್ತುತ್ತದೆ. ಅವನ ಗೆಳೆಯರ ಮನೆಗಳಲ್ಲೂ ಅದೇ ಹೊತ್ತಿಗೆ ಮಗ್ಗ ನಿಲ್ಲುತ್ತದೆ. ನಾಲ್ಕು ಹುಡುಗರ ತಂಡ ಕೂಡುವುದು ಆಗಲೇ. ರಾತ್ರಿ ಒಂದು, ಒಂದೂವರೆ ಗಂಟೆಯವರೆಗೆ ಆಟ. ಬೆಳಿಗ್ಗೆ ಆರಕ್ಕೆ ಅವ್ವ ಎಬ್ಬಿಸುತ್ತಾಳೆ.

13ರಿಂದ 18 ವರ್ಷದ ಮಕ್ಕಳಿಗೆ ದಿನಕ್ಕೆ ಎಂಟರಿಂದ ಹತ್ತು ತಾಸು ನಿದ್ದೆ ಬೇಕು ಎಂದು ನಿದ್ರಾವೈದ್ಯರು ಹೇಳುತ್ತಾರೆ. ಆರರಿಂದ 12ರವರಿಗೆ ಒಂಬತ್ತರಿಂದ 12 ತಾಸು. ಈ ಹುಡುಗನಿಗೆ ಸಿಗುತ್ತಿದ್ದದ್ದು ಬಹಳಾದರೆ ಐದು. ಹೀಗೆ ತಿಂಗಳುಗಟ್ಟಲೆ ನಡೆದರೆ ದೊಡ್ಡವರಾದ ನಾವೂ ಮುಟ್ಟಿದರೆ ಸಿಡಿಯುತ್ತೇವೆ. ಪಾಠ ತಲೆಗೆ ಹೋಗುವುದಿಲ್ಲ, ನೆನಪು ಉಳಿಯುವುದಿಲ್ಲ, ಸಣ್ಣ ಮಾತಿಗೆ ಅಳು ಬರುತ್ತದೆ ಅಥವಾ ಸಿಟ್ಟು ಬರುತ್ತದೆ. ನಾವು ಅದನ್ನು ನೋಡಿ ಗುಂಡಿನ ಆಟ ಹುಡುಗನನ್ನು ಕ್ರೂರಿ ಮಾಡಿತು ಎನ್ನುತ್ತೇವೆ. ಅವನಿಗೆ ನಿದ್ದೆಯಿಲ್ಲ, ಅಷ್ಟೇ. ಅವನು ಅಷ್ಟೇ ಹೊತ್ತು ಕ್ರಿಕೆಟ್ ವಿಡಿಯೋ ನೋಡಿದ್ದರೂ, ರೀಲ್ಸ್ ನೋಡಿದ್ದರೂ ಮುಂಜಾನೆ ಹೀಗೇ ಇರುತ್ತಿದ್ದ.

ಆಟ ಬಿಟ್ಟು ಮಲಗುವುದು ಅವನಿಗೆ ಸುಲಭವೇ? ಸುಲಭವಲ್ಲ. ಇಲ್ಲಿ ಕಂಪನಿಗಳ ಹೊಣೆಯನ್ನು ಹೇಳದೆ ನಾನು ಮುಂದೆ ಹೋಗಲಾರೆ. ಈ ಆಟಗಳು ಹೇಗೆ ನಡೆಯುತ್ತವೆ ಎಂದು ನೀವು ಒಮ್ಮೆ ಮಗನ ಪಕ್ಕ ಕೂತು ನೋಡಬೇಕು. ಬಿಜಿಎಂಐ ಎಂಬುದರಲ್ಲಿ ನೂರು ಜನ ಒಂದು ದ್ವೀಪಕ್ಕೆ ವಿಮಾನದಿಂದ ಇಳಿಯುತ್ತಾರೆ, ಕೊನೆಗೆ ಉಳಿದವರು ಗೆದ್ದಂತೆ, ಒಂದು ಮ್ಯಾಚು ಅರ್ಧ ತಾಸಿನವರೆಗೆ ಹೋಗುತ್ತದೆ. ಫ್ರೀ ಫೈರಿನಲ್ಲಿ 50 ಜನ, ಸುಮಾರು ಹತ್ತು ನಿಮಿಷ. ನಡುವೆ ನಿಲ್ಲಿಸುವ ಗುಂಡಿ ಇಲ್ಲ. ಎದ್ದು ಹೋದರೆ ಉಳಿದ ಮೂವರು ಗೆಳೆಯರು ಸೋಲುತ್ತಾರೆ, ಇವನ ರ‍್ಯಾಂಕ್ ಇಳಿಯುತ್ತದೆ, ನಾಳೆ ಶಾಲೆಯಲ್ಲಿ ಮಾತು ಕೇಳಬೇಕು. ದಿನಾ ಬಂದು ಹಾಜರಿ ಹಾಕಿದರೆ ಒಂದು ಬಹುಮಾನ, ಒಂದು ದಿನ ತಪ್ಪಿದರೆ ಸರಣಿ ಕಡಿಯುತ್ತದೆ. ಒಳಗೆ ಏನಿದೆ ಎಂದು ಗೊತ್ತಿಲ್ಲದ ಪೆಟ್ಟಿಗೆ, ಅದನ್ನು ತೆರೆಯಲು ದುಡ್ಡು. ಬಹುಮಾನ ಯಾವಾಗ ಬರುತ್ತದೋ ಗೊತ್ತಿಲ್ಲದಂತೆ ಇಟ್ಟರೆ ಪ್ರಾಣಿಗಳು ಬಿಡದೆ ಗುಂಡಿ ಒತ್ತುತ್ತಲೇ ಇರುತ್ತವೆ ಎಂಬುದನ್ನು ಮನಶ್ಶಾಸ್ತ್ರಜ್ಞ ಸ್ಕಿನ್ನರ್ ಇಲಿ, ಪಾರಿವಾಳಗಳ ಮೇಲೆ ಪ್ರಯೋಗ ಮಾಡಿ ದಶಕಗಳ ಹಿಂದೆಯೇ ತೋರಿಸಿದ್ದ. ಆ ತಿಳಿವಳಿಕೆ ಇಂದು ಮಕ್ಕಳ ಮೇಲೆ ಬಳಕೆಯಾಗುತ್ತಿದೆ. ಬೆಲ್ಜಿಯಂ ದೇಶ 2018ರಲ್ಲಿ ಇಂಥ ದುಡ್ಡಿನ ಪೆಟ್ಟಿಗೆಗಳನ್ನು ಜೂಜು ಎಂದೇ ತೀರ್ಮಾನಿಸಿತು. ನಮ್ಮಲ್ಲೂ ಹಾಗೆ ಕೇಳುವವರು ಬೇಕು, ಪಾಲಕರು ಗುಂಪಾಗಿ ಕೇಳಿದರೆ ಕೇಳಿಸುತ್ತದೆ.

ಈ ವಿಷಯ ತಿಳಿದರೆ ಒಂದು ಸಣ್ಣ ಜಗಳವಾದರೂ ಕಡಿಮೆಯಾಗುತ್ತದೆ. ಅವ್ವ ಅಡಿಗೆಮನೆಯಿಂದ "ಗಿರಣಿಗೆ ಹೋಗಿ ಹಿಟ್ಟು ತಗೊಂಬಾ" ಎಂದು ಕೂಗುತ್ತಾಳೆ. ಮಗ ಮ್ಯಾಚಿನ ನಡುವೆ ಇದ್ದಾನೆ. ಐದು ಸಲ ಕೂಗಿದ ಮೇಲೆ ಫೋನ್ ಕಸಿಯುತ್ತಾಳೆ, ಅವನು ಚೀರುತ್ತಾನೆ. "ಈ ಮ್ಯಾಚ್ ಮುಗಿದ ಕೂಡಲೇ ಹೋಗು, ಹೊಸದು ಸುರು ಮಾಡಬ್ಯಾಡ" ಎಂದು ಹೇಳಿ ನೋಡಿ. ಹತ್ತು ನಿಮಿಷ, ಬಹಳಾದರೆ ಅರ್ಧ ತಾಸಿನ ಮಾತು. ಮುಗಿದ ಮೇಲೂ ಏಳದಿದ್ದರೆ ಆಗ ಅವನದು ತಪ್ಪು, ಆಗ ಮಾತು ಕಟ್ಟುನಿಟ್ಟಾಗಿರಲಿ. ಹೀಗೆ ಮಾಡಿದ ಮನೆಗಳಲ್ಲಿ ಕೂಗಾಟ ಇಳಿದದ್ದನ್ನು ತಾಯಂದಿರೇ ಬಂದು ನನಗೆ ಹೇಳಿದ್ದಾರೆ.

ದುಡ್ಡಿನ ಆರೋಪ. ಇದು ಅರ್ಧ ಕಂಪನಿಯ ಮೇಲೆ, ಅರ್ಧ ನಮ್ಮ ಮೇಲೆ. ಆಟದೊಳಗೆ 'ಡೈಮಂಡ್' ಕೊಳ್ಳಬೇಕು, 'ಯುಸಿ' ಎಂಬ ಆಟದ ನಾಣ್ಯ ಕೊಳ್ಳಬೇಕು, ಬಂದೂಕಿಗೆ ಬಣ್ಣ, ಬೊಂಬೆಗೆ ಅಂಗಿ. ಇವಕ್ಕೆಲ್ಲ ನಿಜವಾದ ರೂಪಾಯಿ ಬೇಕು. ತಾಯಿಯೊಬ್ಬಳು ಮಹಿಳಾ ಸಂಘಕ್ಕೆ ಕಟ್ಟಬೇಕಾದ ದುಡ್ಡು ಖಾತೆಯಲ್ಲಿ ಇಲ್ಲವೆಂದು ಬ್ಯಾಂಕಿಗೆ ಓಡಿದಳು. ಮಗ ಸ್ವಲ್ಪ ಸ್ವಲ್ಪವಾಗಿ ಟಾಪ್‌ಅಪ್ ಮಾಡಿದ್ದ. ಗೇಮ್ ಕಳ್ಳತನ ಕಲಿಸಿತು ಎಂದು ಅತ್ತಳು. ಅವಳ ದುಃಖ ನನಗೆ ಗೊತ್ತಾಗುತ್ತದೆ, ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿ ಕೂಡಿಸಿದ ದುಡ್ಡು ಅದು. ಆದರೆ ಫೋನ್ ಪೇ ಪಿನ್ ಆ ಹುಡುಗನಿಗೆ ಹೇಗೆ ಗೊತ್ತಾಯಿತು? ಮನೆಯವರೇ ಹೇಳಿದ್ದು. ಇಂಗ್ಲಿಷ್ ಓದಲು ಬರುವುದು ಅವನಿಗೊಬ್ಬನಿಗೇ, ಕರೆಂಟ್ ಬಿಲ್ ಕಟ್ಟುವವನು ಅವನು, ರೀಚಾರ್ಜ್ ಮಾಡುವವನು ಅವನು. ಮನೆಯ ತಿಜೋರಿಯ ಕೀಲಿಯನ್ನು 13 ವರ್ಷದವನ ಕೈಗೆ ಕೊಟ್ಟು, ಎಷ್ಟಿತ್ತು ಎಷ್ಟು ಉಳಿಯಿತು ಎಂದು ಎಂದೂ ಕೇಳಿರಲಿಲ್ಲ. ಹುಡುಗ ಮಾಡಿದ್ದು ತಪ್ಪೇ. ಅವನು ಅದನ್ನು ಒಪ್ಪಬೇಕು, ರಜೆಯಲ್ಲಿ ಕೆಲಸ ಮಾಡಿ ಆ ದುಡ್ಡನ್ನು ಸ್ವಲ್ಪವಾದರೂ ತಿರುಗಿ ಕೊಡಬೇಕು. ಆದರೆ ಆ ಕೀಲಿ ಕೊಟ್ಟವರು ಯಾರು ಎಂದು ಮನೆಯವರೂ ಕೂತು ಮಾತಾಡಬೇಕು.

ದುಡ್ಡಿನ ಮಾತು ಬಂತೆಂದು ತಂದೆಯರಿಗೆ ಇನ್ನೊಂದು ಹೇಳುತ್ತೇನೆ. ಮೊಬೈಲಿನಲ್ಲಿ ರಮ್ಮಿ ಆಡಿ ಸಾಲ ಮಾಡಿದವರು ಈ ಊರಲ್ಲಿ ಎಷ್ಟೋ ಜನ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾನೂನು 2025ರ ಆಗಸ್ಟಿನಲ್ಲಿ ಬಂತು. ಅದು ನಿಷೇಧಿಸಿದ್ದು ನಾವು ದೊಡ್ಡವರು ದುಡ್ಡು ಕಟ್ಟಿ ಆಡುವಂಥ ಆಟಗಳನ್ನು, ಮಕ್ಕಳ ಗುಂಡಿನ ಆಟಗಳನ್ನಲ್ಲ. ರಾತ್ರಿ ಹಾಸಿಗೆಯಲ್ಲಿ ಅಪ್ಪನ ಮುಖದ ಮೇಲೆ ಫೋನಿನ ಬೆಳಕು ಇದ್ದರೆ, ಮಗನಿಗೆ ಫೋನ್ ಇಡು ಎನ್ನುವ ಮಾತಿಗೆ ಬೆಲೆ ಬರುವುದಿಲ್ಲ.

"ಬ್ಯಾನ್ ಮಾಡಿಬಿಡ್ಲಿ ಸರ್, ಮುಗೀತು" ಎನ್ನುವವರಿದ್ದಾರೆ. ಬ್ಯಾನ್ ಆಗಿದೆ, ಒಂದಲ್ಲ ಹಲವು ಸಲ. 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ಮೊಬೈಲ್ ನಿಂತಿತು. 2021ರಲ್ಲಿ ಬಿಜಿಎಂಐ ಎಂಬ ಹೆಸರಿನಲ್ಲಿ ಅಂಥದ್ದೇ ಆಟ ಬಂತು. 2022ರ ಫೆಬ್ರುವರಿಯಲ್ಲಿ ಫ್ರೀ ಫೈರ್ ನಿಂತಿತು, ಹುಡುಗರು ಫ್ರೀ ಫೈರ್ ಮ್ಯಾಕ್ಸ್‌ಗೆ ಹೋದರು. ಅದೇ ವರ್ಷದ ಜುಲೈನಲ್ಲಿ ಬಿಜಿಎಂಐ ನಿಂತಿತು, 2023ರ ಮೇ ತಿಂಗಳಲ್ಲಿ ಮತ್ತೆ ಬಂತು. ಮತ್ತೆ ಬಂದಾಗ 18 ತುಂಬದವರಿಗೆ ದಿನಕ್ಕೆ ಮೂರು ತಾಸಿನ ಮಿತಿ ಹಾಕಿದರು. ಆ ಮಿತಿ ಕೆಲಸ ಮಾಡುವುದು ಆಟಕ್ಕೆ ಕೊಟ್ಟ ವಯಸ್ಸು ನಿಜವಾಗಿದ್ದರೆ ಮಾತ್ರ. ನಿಮ್ಮ ಮಗ ಅಲ್ಲಿ ತನ್ನ ವಯಸ್ಸು ಎಷ್ಟು ಹಾಕಿದ್ದಾನೆ, ನೋಡಿದ್ದೀರಾ? ದಕ್ಷಿಣ ಕೊರಿಯಾದಲ್ಲಿ 16ರ ಒಳಗಿನವರು ಮಧ್ಯರಾತ್ರಿಯಿಂದ ಬೆಳಿಗ್ಗೆ ಆರರವರೆಗೆ ಆಡಬಾರದೆಂದು 2011ರಲ್ಲಿ ಕಾನೂನು ಮಾಡಿದರು. ಮಕ್ಕಳು ದೊಡ್ಡವರ ಗುರುತಿನ ಸಂಖ್ಯೆ ಹಾಕಿ ಆಡಿದರು. ಹತ್ತು ವರ್ಷ ನೋಡಿ, 2022ರ ಹೊತ್ತಿಗೆ ಆ ಕಾನೂನನ್ನು ತೆಗೆದುಹಾಕಿ, ಹೊತ್ತು ಗೊತ್ತು ಮಾಡುವುದನ್ನು ಮನೆಗಳಿಗೇ ಬಿಟ್ಟರು. ಸರ್ಕಾರ ಮಾಡುವುದು ಮಾಡಲಿ. ರಾತ್ರಿ 11ಕ್ಕೆ ನಿಮ್ಮ ಪಡಸಾಲೆಗೆ ಬಂದು ಫೋನ್ ಎತ್ತಿಡುವ ಸರ್ಕಾರ ಯಾವ ದೇಶದಲ್ಲೂ ಇಲ್ಲ.

ಮಾರ್ಕ್ಸಿನ ವಿಷಯಕ್ಕೆ ಬರುತ್ತೇನೆ, ಇಲ್ಲಿ ಶಾಲೆಯವರಾದ ನಾವೂ ಉತ್ತರ ಕೊಡಬೇಕು. 2025-26ರಲ್ಲಿ ಒಂಬತ್ತು, ಹತ್ತನೇ ಇಯತ್ತೆಯಲ್ಲಿರುವ ಮಕ್ಕಳು ಕೋವಿಡ್ ಬಂದಾಗ ಮೂರು, ನಾಲ್ಕನೇ ಇಯತ್ತೆಯಲ್ಲಿದ್ದರು. 2020ರ ಮಾರ್ಚಿನಲ್ಲಿ ಮುಚ್ಚಿದ ಶಾಲೆ ನಮ್ಮ ರಾಜ್ಯದಲ್ಲಿ ಒಂದರಿಂದ ಐದನೇ ಇಯತ್ತೆಯವರಿಗೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಭಾಗಾಕಾರ, ಭಿನ್ನರಾಶಿ ಕಲಿಯುವ ವಯಸ್ಸು ಅದು. ಕಲಿಯಲಿಲ್ಲ. ಅದರ ಬದಲು ಕೈಗೆ ಫೋನ್ ಬಂತು, ಕೊಡಿಸಿರಿ ಎಂದು ಹೇಳಿದವರು ನಾವೇ, ಸಾಲ ಮಾಡಿ ಕೊಡಿಸಿದವರು ನೀವು. ಇಂದು ಆ ಹುಡುಗ ಬೀಜಗಣಿತದ ಕ್ಲಾಸಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂರುತ್ತಾನೆ. ಬೋರ್ಡಿನ ಮೇಲಿರುವುದು ಒಂದಕ್ಷರ ತಿಳಿಯುವುದಿಲ್ಲ, ಕೇಳಿದರೆ ನಗುತ್ತಾರೆ ಎಂಬ ಹೆದರಿಕೆ. ಸಂಜೆ ಫೋನ್ ಹಿಡಿದರೆ ಅವನು ತಂಡದ ನಾಯಕ. ಎಲ್ಲಿ ಇಳಿಯಬೇಕು, ಯಾರು ಯಾರನ್ನು ಕಾಯಬೇಕು ಎಂದು ಮೂರು ಜನ ಅವನನ್ನು ಕೇಳುತ್ತಾರೆ. ಅವನನ್ನು ಜಾಣ ಎಂದು ಕರೆಯುವ ಜಾಗ ಅದೊಂದೇ ಆಗಿದ್ದರೆ ಅವನು ಅಲ್ಲಿಗೆ ಹೋಗದೆ ಎಲ್ಲಿಗೆ ಹೋಗಬೇಕು?

ಇಂಥ ಹುಡುಗನ ಫೋನ್ ಕಸಿದರೆ ಮಾರ್ಕ್ಸ್ ಬರುವುದಿಲ್ಲ. ಭಿನ್ನರಾಶಿಯನ್ನು ಮೊದಲಿನಿಂದ ಕಲಿಸಬೇಕು, ಅದು ನಮ್ಮ ಕೆಲಸ. ಮನೆಯಲ್ಲಿ ಯಾವುದಾದರೂ ಒಂದು ಕೆಲಸಕ್ಕೆ ಅವನೇ ಯಜಮಾನನಾಗಬೇಕು, ನೂಲಿನ ಲೆಕ್ಕ ಬರೆಯುವುದಿರಲಿ, ಸೀರೆ ಎಣಿಸಿ ಕೊಡುವುದಿರಲಿ. ಮಾಡಿದಾಗ ಚಲೋ ಮಾಡಿದಿ ಅನ್ನಬೇಕು. ಗ್ರಾಮೀಣ ಶಿಕ್ಷಣದ ಸಮೀಕ್ಷೆ ಮಾಡುವ ಅಸರ್ ವರದಿಯ 2024ರ ಅಂಕಿ ಹೇಳುತ್ತೇನೆ. 14ರಿಂದ 16 ವರ್ಷದ ಮಕ್ಕಳಲ್ಲಿ ಶೇಕಡಾ 82ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಹಿಂದಿನ ವಾರದಲ್ಲಿ ಓದಿಗೆ ಬಳಸಿದವರು ಶೇಕಡಾ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇಕಡಾ 76. ಓದಿಗೆಂದು ಕೊಡಿಸಿದ ಫೋನ್ ಏನಕ್ಕೆ ಬಳಕೆಯಾಗುತ್ತಿದೆ ಎಂದು ನೋಡುವವರು ಯಾರೂ ಇರಲಿಲ್ಲ, ಅದರ ಫಲ ಇದು.

ನೋಡುವವರು ಎಂದಾಗ ಎಲ್ಲರ ಕಣ್ಣು ತಾಯಂದಿರ ಕಡೆ ತಿರುಗುತ್ತದೆ. ಈಗಲೂ ತಿರುಗಿತು, ನಾನು ಇಲ್ಲಿಂದ ನೋಡಿದೆ. ಪಾಲಕರ ಹೊಣೆ ಎಂದು ನಾವು ಸಭೆಗಳಲ್ಲಿ ಮಾತಾಡುತ್ತೇವೆ, ಮನೆಗೆ ಹೋದ ಮೇಲೆ ಅದು ಅವ್ವನ ಹೊಣೆ ಆಗುತ್ತದೆ. ರೊಟ್ಟಿ ಬಡಿಯುವವಳು, ಕಂಡಿಕೆ ಸುತ್ತುವವಳು, ನೀರು ಹಿಡಿಯುವವಳು ಅವಳೇ. ಕೂಸಿಗೆ ಉಣಿಸುವಾಗ ಫೋನ್ ತೋರಿಸಿದವಳು ಅವಳು ಎಂದು ಬೈಸಿಕೊಳ್ಳುವವಳೂ ಅವಳೇ. ಎರಡು ವರ್ಷದ ಒಳಗಿನ ಕೂಸಿಗೆ ಪರದೆ ಬೇಡವೇ ಬೇಡ, ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಒಂದು ತಾಸು ಮೀರಬಾರದು ಎಂದು ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ ಹೇಳುತ್ತದೆ. ಅದನ್ನು ಪಾಲಿಸಬೇಕಾದರೆ ಉಣಿಸುವ ಹೊತ್ತಿಗೆ ಮನೆಯಲ್ಲಿ ಇನ್ನೊಬ್ಬರ ಕೈ ಬೇಕು. ಅಪ್ಪಂದಿರು ಆ ಕೈ ಆಗಬೇಕು. ಅಪ್ಪ ಹೌದೆಂದದ್ದಕ್ಕೆ ಅವ್ವ ಇಲ್ಲ, ಅವ್ವ ಇಲ್ಲವೆಂದದ್ದಕ್ಕೆ ಆಯಿ ಹೌದು, ಹೀಗಿದ್ದ ಮನೆಯಲ್ಲಿ ಮಗು ಯಾರ ಮಾತು ಕೇಳಬೇಕು?

ದಿನಾ 12 ತಾಸು ಮಗ್ಗದ ಮುಂದೆ ನಿಲ್ಲುವವರಿಗೆ ಮಕ್ಕಳ ಜೊತೆ ತಾಸುಗಟ್ಟಲೆ ಕೂತುಕೊಳ್ಳಿ ಎಂದು ಹೇಳುವ ಧೈರ್ಯ ನನಗಿಲ್ಲ. ಹೊತ್ತು ಬೇಡದ ಕೆಲಸಗಳೂ ಇವೆ. ರಾತ್ರಿ ಹತ್ತಕ್ಕೆ ಮನೆಯ ಎಲ್ಲ ಫೋನುಗಳು, ಅಪ್ಪನದ್ದೂ ಸೇರಿ, ದೊಡ್ಡವರು ಮಲಗುವ ಕೋಣೆಯಲ್ಲಿ ಚಾರ್ಜಿಗೆ ಬೀಳಲಿ. ಹುಡುಗ ಮೊದಲ ವಾರ ಗಲಾಟೆ ಮಾಡುತ್ತಾನೆ. ಮಾಡಲಿ, ನೀವು ಸಿಟ್ಟಾಗಬೇಡಿ, ಬಗ್ಗಲೂ ಬೇಡಿ. ಅವನ ತಂಡದ ಉಳಿದ ಮೂವರ ಮನೆಯವರ ಜೊತೆ ಮಾತಾಡಿ ನಾಲ್ಕೂ ಮನೆಯಲ್ಲಿ ಒಂದೇ ಹೊತ್ತಿಗೆ ಇಟ್ಟರೆ ಅವನಿಗೆ ಕಳೆದುಕೊಳ್ಳಲು ಏನೂ ಇರುವುದಿಲ್ಲ, ಆಡುವವರೇ ಇರುವುದಿಲ್ಲ. ಒಂದೇ ಓಣಿಯ ಜನ ನೀವು, ಇದು ಆಗದ ಮಾತೇನಲ್ಲ. ಹಗಲು ಒಂದು ತಾಸು ಆಡಲಿ, ಅದಕ್ಕೆ ಬೈಯಬೇಡಿ. ಆಟ ಆಡುವುದು ಪಾಪವಲ್ಲ.

ಇಷ್ಟೆಲ್ಲ ಮಾಡಿಯೂ ಕೆಲವು ಮಕ್ಕಳು ಬಿಡಲಾರರು. ಹುಡುಗ ದಿನಕ್ಕೆರಡು ತಾಸು ಆಡಿದರೂ "ಅಡಿಕ್ಟ್ ಆಗ್ಯಾನ್ರಿ" ಎನ್ನುವ ರೂಢಿ ನಮ್ಮಲ್ಲಿದೆ, ಆ ಮಾತನ್ನು ಅಷ್ಟು ಸಸಾರ ಮಾಡಬೇಡಿ. ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಪಟ್ಟಿಯಲ್ಲಿ ಗೇಮಿಂಗ್ ಕಾಯಿಲೆಯನ್ನು ಸೇರಿಸಿದೆ, ಅದು 2022ರ ಜನವರಿ 1ರಿಂದ ಜಾರಿಯಲ್ಲಿದೆ. ಆಟದ ಮೇಲೆ ಹಿಡಿತವೇ ಇಲ್ಲದಿರುವುದು, ಊಟ, ಓದು, ಗೆಳೆಯರು ಎಲ್ಲಕ್ಕಿಂತ ಆಟವೇ ಮೇಲಾಗುವುದು, ಕೆಡುಕಾಗುತ್ತಿದೆ ಎಂದು ಕಂಡರೂ ನಿಲ್ಲಿಸಲಾಗದಿರುವುದು, ಇವು ಸಾಮಾನ್ಯವಾಗಿ 12 ತಿಂಗಳಾದರೂ ಇದ್ದರೆ ಆಗ ಅದು ಕಾಯಿಲೆ. ಕಾಯಿಲೆಗೆ ಬೈಗುಳ ಮದ್ದಲ್ಲ, ಹೊಡೆತವೂ ಅಲ್ಲ, ದೇವರ ಹರಕೆ ಒಂದೇ ಸಾಲದು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕರೆದೊಯ್ಯಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ 'ಶಟ್' ಎಂಬ ಚಿಕಿತ್ಸಾಲಯ ಇದೆ. ಮನೆಯಿಂದಲೇ ಕೇಳಬೇಕಾದರೆ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಹಿಂದಿನ ಬೋರ್ಡಿನ ಮೇಲೆ ನಂಬರ್ ಬರೆಸಿದ್ದೇನೆ, ಬರೆದುಕೊಳ್ಳಿ.

ಕೊನೆಗೆ ಸಭೆಯಲ್ಲಿ ಬಂದ ಒಂದು ಪ್ರಶ್ನೆ, ಅದನ್ನು ಇಲ್ಲಿ ಸೇರಿಸಲೇಬೇಕು. ಹಿಂದಿನ ಸಾಲಿನಿಂದ ಆಯಿಯೊಬ್ಬರು ಎದ್ದು ನಿಂತರು. "ಮಗಾ ಸೊಸಿ ಕಬ್ಬು ಕಡ್ಯಾಕ ಹೋಗ್ಯಾರಿ, ಮೊಮ್ಮಗ ನನ್ ಕಡೆ ಅದಾನ. ನನಗ ಓದಾಕ ಬರೂದಿಲ್ಲ, ಫೋನ್ ಹಿಡ್ಯಾಕ ಬರೂದಿಲ್ಲ. ನಾ ಏನ್ ಮಾಡ್ಲಿ?"

ನಾನು ಹೇಳಿದ್ದು ಇಷ್ಟು. ಆಯಿ, ನಿಮಗೆ ಫೋನ್ ಬರಬೇಕಿಲ್ಲ. ರಾತ್ರಿ ಊಟ ಆದ ಮೇಲೆ ಅದನ್ನು ಇಸಿದುಕೊಂಡು ನಿಮ್ಮ ತಲೆದಿಂಬಿನ ಕೆಳಗೆ ಇಟ್ಟು ಮಲಗಿ. ಹಗಲು ಅವನು ಆಡುವಾಗ ಪಕ್ಕಕ್ಕೆ ಕೂತು, ಇವ ಯಾರು, ಇದ್ಯಾಕ ಓಡಾಕ ಹತ್ತೈತಿ ಎಂದು ಕೇಳಿ, ಅವನು ಹೇಳುತ್ತಾನೆ. ಮಗ-ಸೊಸೆ ಫೋನ್ ಮಾಡಿದಾಗ ಅವನ ಮಾರ್ಕ್ಸ್ ಕೇಳುವುದಕ್ಕಿಂತ ಮೊದಲು ಅವನ ಜೊತೆ ಮಾತಾಡಿಸಿ. ಪಿನ್ ವಿಷಯ ಮಾತ್ರ ಇವತ್ತೇ ಮುಗಿಸೋಣ.

ಫೋನ್ ತಂದಿರುವವರು ಸಭೆ ಮುಗಿದ ಮೇಲೆ ಇಲ್ಲೇ ಕೂತಿರಿ. ಪಿನ್ ಬದಲಿಸುವುದು, ಪ್ಲೇ ಸ್ಟೋರಿನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡುವುದು, ಮಕ್ಕಳ ಫೋನಿನ ಮೇಲೆ ಹಿಡಿತ ಇಡುವ ಫ್ಯಾಮಿಲಿ ಲಿಂಕ್ ಎಂಬ ಆ್ಯಪ್ ಹಾಕಿ ಮಲಗುವ ಹೊತ್ತು ಗೊತ್ತು ಮಾಡುವುದು, ಇವನ್ನು ನಾನೂ ಕಂಪ್ಯೂಟರ್ ಮಾಸ್ತರರೂ ಒಬ್ಬೊಬ್ಬರಿಗೆ ತೋರಿಸಿಕೊಡುತ್ತೇವೆ. ಮಕ್ಕಳನ್ನೂ ಒಳಗೆ ಕರೆಯಿರಿ, ಅವರ ಎದುರಿಗೇ ಆಗಲಿ.